ಕೊನೆಯ ಪುಟದ ಪ್ರಶ್ನೆ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಹೊಸ ಲಾರಿಯ ಬ್ರೇಕ್ ತಂತ್ರಾಂಶಕ್ಕೆ ಪರಿಶೀಲಕ ಟೋರ್ಕೆಲ್ ಸಹಿ ಹಾಕಲಿಲ್ಲ.

ಗೋಥೆನ್‌ಬರ್ಗ್‌ನ ಲಾರಿ ಕಂಪನಿಯ ಕಚೇರಿಯ ಎರಡನೇ ಮಹಡಿಯಲ್ಲಿ ಸಿಗ್ರಿಡ್ ಸಂದೇಶವನ್ನು ಎರಡು ಸಲ ಓದಿದಳು. 'ಪರಿಶೀಲಕರು ಹಿಂದೆ ಸರಿದಿದ್ದಾರೆ. ಪರಿಶೀಲನೆ ಮೊದಲಿನಿಂದ ನಡೆಯಬೇಕು.'

ಅವಳ ಎಂಟು ತಿಂಗಳ ಕೆಲಸ. ಇನ್ನೆರಡು ವಾರಕ್ಕೆ ಲಾರಿ ರಸ್ತೆಗಿಳಿಯಬೇಕಿತ್ತು. ಆ ಲಾರಿಗಾಗಿ ದುಡಿಯುತ್ತಿದ್ದ ಇನ್ನೂರ ನಲವತ್ತು ಜನ ಈಗ ಅವಳೊಬ್ಬಳಿಗಾಗಿ ಕಾಯಬೇಕು.

ಸಿಟ್ಟು ಬರಬೇಕಿತ್ತು... ಬರಲಿಲ್ಲ. ಬೆರಳುಗಳು ಮಾತ್ರ ತಣ್ಣಗಿದ್ದವು.

"ಮತ್ತೆ ಆ ನಾಲ್ಕನೇ ಮಹಡಿಯ ಮಹಾಶಯನಾ?" ಪಕ್ಕದ ಮೇಜಿನ ಗುನ್ವೋರ್ ಕೇಳಿದಳು. "ಅವನಿಗೆ ನಮ್ಮ ಕೋಡೂ ಬೇಡ, ನಮ್ಮ ಏಲಕ್ಕಿ ಬನ್ನೂ ಬೇಡ! ಎಂಟು ತಿಂಗಳಿಂದ ಕಾಫಿಗೆ ಬಂದಿದ್ದಾನಾ ಹೇಳು?"

ಬಂದಿರಲಿಲ್ಲ. ಕಳೆದ ಆಗಸ್ಟ್‌ನಲ್ಲಿ ಕಚೇರಿಯ ದ್ವೀಪ ಪ್ರವಾಸದಿಂದ ಮರಳುವ ದೋಣಿಯಲ್ಲಿ ದಡ ಸೇರುವವರೆಗೂ ಅವಳ ಕೈ ಹಿಡಿದು ಕೂತಿದ್ದವನು ಅವನೇ. ಮರುದಿನ ಅವನನ್ನು ಅವಳ ಕೆಲಸದ ಪರಿಶೀಲಕನನ್ನಾಗಿ ನೇಮಿಸಿದರು. ಅಂದಿನಿಂದ ಲಿಫ್ಟಿನಲ್ಲಿ ಎದುರಾದರೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

'ದೊಡ್ಡ ಜವಾಬ್ದಾರಿ ಸಿಕ್ಕಿತು, ನಾನು ಬೇಡವಾದೆ.' ಹಾಗೆಂದುಕೊಂಡು ಅವಳು ಅಳುವುದನ್ನೂ ನಿಲ್ಲಿಸಿದ್ದಳು.

ಮೆಟ್ಟಿಲು ಹತ್ತಿದಳು.

"ಯಾವ ಸಾಲು ತಪ್ಪು, ಟೋರ್ಕೆಲ್?"

ಅವನು ತಲೆಯೆತ್ತಿದ. "ಯಾವುದೂ ಇಲ್ಲ. ಎಲ್ಲ ಸರಿಯಾಗಿದೆ."

"ಮತ್ತೆ?"

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಸಹಿಗೆ ಮುಂಚಿನ ಕೊನೆಯ ಪುಟ. ಅಲ್ಲಿ ಒಂದೇ ಪ್ರಶ್ನೆ: 'ತಂತ್ರಾಂಶ ಬರೆದವರೊಂದಿಗೆ ಪರಿಶೀಲಕರಿಗೆ ಆಪ್ತ ಸಂಬಂಧ ಇದೆಯೇ?'

ಟೋರ್ಕೆಲ್ 'ಹೌದು' ಎಂದು ಗುರುತು ಹಾಕಿದ್ದ.

"ಯಾವ ಸಂಬಂಧ?" ಅವಳ ದನಿ ಅವಳಿಗೇ ಬೇರೆಯವರದ್ದೆನಿಸಿತು. "ಎಂಟು ತಿಂಗಳು ನನ್ನ ಮುಖ ನೋಡಿಲ್ಲ ನೀನು!"

"ದೂರ ಇದ್ದರೆ ಮನಸ್ಸಲ್ಲಿರೋದು ಹೋಗಿಬಿಡುತ್ತೆ ಅಂದುಕೊಂಡೆ. ಈ ಪುಟಕ್ಕೆ ಬಂದಾಗ 'ಇಲ್ಲ' ಅಂತ ನಿಜವಾಗಿಯೇ ಬರೆಯಬಹುದು ಅಂತ."

"ಆಮೇಲೆ?"

"ಬೆಳಿಗ್ಗೆ ಏಳರಿಂದ ಕೂತಿದ್ದೆ, ಸಿಗ್ರಿಡ್. ಬರೆಯೋಕಾಗಲಿಲ್ಲ."

"ನನಗೆ ಮೊದಲೇ ಹೇಳಬಾರದಿತ್ತಾ?"

"ಆಪ್ತರ ಕೆಲಸವನ್ನು ಪರಿಶೀಲಿಸುವಂತಿಲ್ಲ. ಹೇಳಿದ್ದರೆ ಅವತ್ತೇ ನಾನು ಹಿಂದೆ ಸರಿಯಬೇಕಿತ್ತು. ಬ್ರೇಕ್ ಗೊತ್ತಿದ್ದ ಬೇರೆ ಪರಿಶೀಲಕ ಆಗ ಇರಲಿಲ್ಲ. ನಿನ್ನ ಕೆಲಸ ನಿಂತುಹೋಗುತ್ತಿತ್ತು... ಈಗಲೂ ನಿಲ್ಲಿಸಿದೆ. ನನ್ನ ತಪ್ಪು. ಮೇಲಿನವರಿಗೂ ಹಾಗೇ ಬರೆದಿದ್ದೇನೆ."

ಅವಳು ಅವನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಏನೂ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮರಗಟ್ಟಿದ ಕಾಲಿಗೆ ಜೀವ ಬರುವಾಗ ಆಗುವಂತೆ, ಎದೆಯಲ್ಲಿ ಸಣ್ಣಗೆ ಚುಚ್ಚತೊಡಗಿತು.

"ನೀನೊಬ್ಬ ಮೂರ್ಖ," ಎಂದಳು.

"ಅದಕ್ಕೂ ಒಂದು ಪ್ರಶ್ನೆ ಇಡಬೇಕಿತ್ತು. ಕೂಡಲೇ 'ಹೌದು' ಅಂತಿದ್ದೆ."

ಅವಳಿಗೆ ನಗು ಬಂತು, ಜೊತೆಗೆ ಕಣ್ಣೀರೂ.

"ಇವತ್ತು ಬನ್ ತರೋ ಸರದಿ ನನ್ನದು. ಒಂಬತ್ತೂವರೆಗೆ ಕಾಫಿಗೆ ಕೆಳಗೆ ಬಾ."

"ಬರಬಹುದಾ?"

"ಈಗ ನೀನು ನನ್ನ ಪರಿಶೀಲಕ ಅಲ್ಲವಲ್ಲ."

ಅವನು ಕೈ ಚಾಚಿದ. ಅವಳ ಬೆರಳುಗಳು ಇನ್ನೂ ತಣ್ಣಗಿದ್ದವು. ಅವನು ಬಿಡಲಿಲ್ಲ.

ಸೋಮವಾರ ಹೊಸ ಪರಿಶೀಲಕಿ ಮೊದಲ ಸಾಲಿನಿಂದ ಓದತೊಡಗಿದಳು. ಲಾರಿ ಹನ್ನೊಂದು ವಾರ ತಡವಾಗಿ ರಸ್ತೆಗಿಳಿಯಿತು.