ಶಾಂತಲಾಳ ಮೆಷಿನ್ನಿಗೆ ಸಿಗದ ಎದೆಬಡಿತ

ಹನುಮೇಶ್ ಮೂರನೆಯ ಸಲ ಬಂದು ಇಸಿಜಿ ಮಂಚದ ಮೇಲೆ ಮಲಗಿದಾಗ ಶಾಂತಲಾ ಒಳಗೊಳಗೇ ಹಲ್ಲು ಕಡಿದಳು.

ಕೆ.ಬಿ. ಬಡಾವಣೆಯ ಡಾಕ್ಟರ್ ಫಜಲುಲ್ಲಾ ಅವರ ಕ್ಲಿನಿಕ್ಕಿನಲ್ಲಿ ಆರು ವರ್ಷದಿಂದ ಇಸಿಜಿ ತೆಗೆಯುತ್ತಿದ್ದವಳು ಅವಳು. ಕಾಗದ ಪೂರ್ತಿ ಹೊರಬರುವ ಮೊದಲೇ ಯಾರ ಎದೆ ಲಯ ತಪ್ಪಿದೆ, ಯಾರದು ತೂಕಡಿಸುತ್ತಿದೆ ಎಂದು ಹೇಳುವಷ್ಟು ಕಣ್ಣು ಪಳಗಿತ್ತು. ಈ ಹರಿಹರದ ಆಸಾಮಿಯ ಕಾಗದ ಮಾತ್ರ ಪ್ರತಿ ಸಲವೂ ಪಠ್ಯಪುಸ್ತಕದ ಚಿತ್ರ. ಮೊದಲು ಪಿ ಎಂಬ ಪುಟ್ಟ ಉಬ್ಬು, ಆಮೇಲೆ ಚೂಪು ಗೋಪುರ, ಕೊನೆಗೆ ಮೆತ್ತನೆಯ ಟಿ ದಿಬ್ಬ. ನಿಮಿಷಕ್ಕೆ ಎಪ್ಪತ್ತೆರಡು.

"ಏನಾಗ್ತೈತ್ರಿ ನಿಮ್ಗೆ?"

"ಎದೆ ಡಬಡಬ ಹೊಡ್ಕೋತೈತ್ರಿ ಮೇಡಂ. ಸ್ವಿಚ್ ಹಾಕ್ದಂಗೆ ಶುರು, ಸ್ವಿಚ್ ಆರಿಸ್ದಂಗೆ ಬಂದ್."

"ಈಗ?"

"ಈಗ ಬಂದ್ ಆಗೈತ್ರಿ."

"ಈ ಮಂಚ ಕಂಡ ಕೂಡ್ಲೇ ಬಂದ್ ಆಗ್ತೈತೇನು?"

ವೈರಿನ ತುದಿಯ ರಬ್ಬರ್ ಬುರುಡೆ ಎದೆಗೆ ಕಚ್ಚಿದ್ದೇ ಅವನು ಕಚಗುಳಿಯಿಂದ ಕಿಸಕ್ಕನೆ ನಕ್ಕ. ಗೆರೆಗಳೆಲ್ಲ ಗುಡ್ಡಬೆಟ್ಟವಾದವು. ಅವಳು ಕಣ್ಣು ಕೆರಳಿಸಿದಳು. ಅವನು ತುಟಿ ಕಚ್ಚಿಕೊಂಡು, ಅವಳ ಕಣ್ಣಿನಿಂದ ತನ್ನ ಕಣ್ಣನ್ನು ಕಿತ್ತುಕೊಂಡು, ಚಾವಣಿಯನ್ನು ನೋಡಿದ.

"ಅಕ್ಕಾ," ಎಂದು ನರ್ಸ್ ನಯನಾ ಅವಳನ್ನು ಪರದೆಯಾಚೆ ಕರೆದು ಪಿಸುಗುಟ್ಟಿದಳು, "ಕಾಯಿಲೆ ಎದೇದೇ. ಆದ್ರೆ ನಿನ್ನ ಮೆಷಿನ್ನಿಗೆ ಸಿಗೋದಲ್ಲ."

ಅಷ್ಟು ಸಾಕಾಯಿತು. ಶಾಂತಲಾ ಒಳಗೆ ಬಂದವಳೇ ವೈರುಗಳನ್ನು ಪಟಪಟ ಬಿಚ್ಚಿದಳು. "ನೋಡ್ರಿ, ಹೊರಗೆ ನಿಜವಾಗ್ಲೂ ಎದೆನೋವಿನೋರು ಕೂತಾರೆ. ನನ್ನ ನೋಡಾಕೆ ಬರೋದಾದ್ರೆ ಇನ್ನು ಬರಬ್ಯಾಡ್ರಿ."

ಹನುಮೇಶ್ ಎದ್ದು ಕುಳಿತ. ಅವನು ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುವವನು. ಮೆರವಣಿಗೆ ಮುಗಿಸಿ ಕೆಂಪು ಕೋಟಿನಲ್ಲೇ ಬಂದಿದ್ದ. ಅದರ ಗುಂಡಿಗಳನ್ನು ತಪ್ಪು ಕಾಜಕ್ಕೆ ಹಾಕಿಕೊಳ್ಳುತ್ತಾ ಹೇಳಿದ: "ನಿಮ್ಮನ್ನ ನೋಡಿದ್ದು ನಿಜ ಮೇಡಂ. ಆದ್ರೆ ಎದೆ ಹೊಡ್ಕೊಂಡಿದ್ದೂ ನಿಜ."

ಹೋದವನು ಮತ್ತೆ ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಶಾಂತಲಾ ಬೇಡವೆಂದರೂ ಅವಳ ಕಣ್ಣು ಬೆಂಚಿನ ಮೇಲೆ ಕೆಂಪು ಕೋಟು ಹುಡುಕುತ್ತಿತ್ತು. ಅವನಿಗೆ ನಿಜವಾಗಿಯೂ ಏನಾದರೂ ಆಗಿ, ತನ್ನ ಮಾತಿಗೆ ಹೆದರಿ ಬಾರದೇ ಇದ್ದರೆ? ಆ ಯೋಚನೆ ಬಂದಾಗಲೆಲ್ಲ ಅವನ ಹಳೆಯ ಕಾಗದಗಳನ್ನು ತೆಗೆದು ನೋಡುತ್ತಿದ್ದಳು.

ಮೇ ತಿಂಗಳಲ್ಲಿ ದೇವರಾಜ ಅರಸು ಬಡಾವಣೆಯಲ್ಲಿ ಗೆಳತಿಯ ಮದುವೆ. ರೇಷ್ಮೆ ಸೀರೆ ಉಟ್ಟು ಹೋದ ಶಾಂತಲಾ ಮಂಟಪದ ಬಾಗಿಲಲ್ಲೇ ನಿಂತುಬಿಟ್ಟಳು. ಮದುಮಗನ ಕಾರಿನ ಮುಂದೆ ಅದೇ ಕೆಂಪು ಕೋಟುಗಳು. ಕೊನೆಯ ಸಾಲಿನಲ್ಲಿ ಹನುಮೇಶ್, ಮುಖ ಬೂದಿ, ಹಣೆ ತುಂಬ ಬೆವರು. ಅವಳನ್ನು ಕಂಡವನೇ ಮುಖ ತಿರುಗಿಸಿಕೊಂಡ. ಕತ್ತಿನ ನರ ಮಾತ್ರ ಕಪ್ಪೆಯ ಗಂಟಲಿನಂತೆ ಪಟಪಟ ಬಡಿಯುತ್ತಿತ್ತು.

ಅವಳು ಓಡಿಹೋಗಿ ಮಣಿಕಟ್ಟು ಹಿಡಿದಳು. ನಾಡಿ ಎಣಿಕೆಗೇ ಸಿಗಲಿಲ್ಲ.

"ಗಾಬರಿ ಆಗಬ್ಯಾಡಮ್ಮ," ಎಂದರು ಬ್ಯಾಂಡ್ ಮಾಸ್ಟರ್ ಜಮಾಲುದ್ದೀನ್. "ಒಂದು ಹಾಡು ಜೋರಾಗಿ ಊದಿದ್ರೆ ಸರಿ ಹೋಗ್ತೈತೆ. ಪ್ರತಿ ಸಲ ಹಂಗೇ."

"ಊದಿ ಆದ್ಮೇಲೆ ಕ್ಲಿನಿಕ್ಕಿಗೆ ಬರ್ತಿದ್ರಾ?" ಎಂದು ಶಾಂತಲಾ ಹನುಮೇಶನನ್ನು ಕೇಳಿದಳು.

"ಮತ್ತೆ? ಮೆರವಣಿಗೆ ನಡುವೆ ಬಿಟ್ಟು ಹೆಂಗೆ ಬರೋದ್ರಿ?" ಎಂದ ಹನುಮೇಶ್.

ಶಾಂತಲಾ ಹಣೆ ಚಚ್ಚಿಕೊಂಡಳು. ಉಸಿರು ಬಿಗಿಹಿಡಿದು ಊದಿದರೆ ಹೃದಯಕ್ಕೆ ಲಗಾಮು ಹಾಕುವ ನರ ಎಚ್ಚರವಾಗುತ್ತದೆ. ಇಂಥ ಬಡಿತಕ್ಕೆ ಡಾಕ್ಟರು ಮೊದಲು ಮಾಡಿಸುವುದೇ ಅದನ್ನು. ಈ ಪುಣ್ಯಾತ್ಮ ತಾನೇ ಚಿಕಿತ್ಸೆ ಮುಗಿಸಿಕೊಂಡು, ಸಾಕ್ಷಿ ಅಳಿಸಿ, ಆಮೇಲೆ ದೂರು ಕೊಡಲು ಬರುತ್ತಿದ್ದ!

"ತಲೆ ಸುತ್ತು, ಎದೆನೋವು ಐತೇನ್ರಿ?"

"ಇಲ್ಲ."

"ಹಂಗಾದ್ರೆ ಮೆಷಿನ್ನಿಗೆ ಸಿಗೋವರ್ಗೂ ಹತ್ತೇ ನಿಮಿಷ ತಡ್ಕೊಳ್ರಿ. ಊದಬ್ಯಾಡ್ರಿ!" ಎಂದವಳೇ ಟ್ರಂಪೆಟ್ ಕಿತ್ತುಕೊಂಡು ಆಟೋ ಕೂಗಿದಳು. ಮದುಮಗ ಕಾರಿನ ಕಿಟಕಿಯಿಂದ ಬಾಯಿ ಬಿಟ್ಟು ನೋಡಿದ.

ಆಟೋದಲ್ಲಿ ಹನುಮೇಶ್ ಗಂಟಲು ಸರಿಮಾಡಿಕೊಂಡ.

"ಕೆಮ್ಮಬ್ಯಾಡ್ರಿ! ಕೆಮ್ಮಿದ್ರೂ ನಿಂತು ಹೋಗ್ಬಹುದು!"

"ಗಂಟಲಾಗ ಧೂಳು ಹೋಗೈತ್ರಿ..."

"ನುಂಗ್ರಿ!"

ಅವನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದ.

ಕ್ಲಿನಿಕ್ಕಿನಲ್ಲಿ ಕಾಗದ ಹೊರಬಂತು. ನಿಮಿಷಕ್ಕೆ ನೂರಾ ಎಂಬತ್ತೆಂಟು. ಬಾಚಣಿಗೆಯ ಹಲ್ಲಿನಂತೆ ಸಮಸಮ, ಕಿರಿದಾದ ಗೋಪುರಗಳು. ಪಿ ಉಬ್ಬಿನ ಸುಳಿವೇ ಇಲ್ಲ. "ಸಿಕ್ತು!" ಎಂದು ಶಾಂತಲಾ ಕುಣಿದೇಬಿಟ್ಟಳು. ರೋಗಿ ಅವಳನ್ನು ಮಿಕಿಮಿಕಿ ನೋಡಿದ.

"ಎಸ್‌ವಿಟಿ," ಎಂದರು ಡಾಕ್ಟರ್. "ಹೃದಯದೊಳಗೆ ಕರೆಂಟು ಅಡ್ಡದಾರಿ ಹಿಡಿದು ಗಿರಗಿರ ಸುತ್ತುತ್ತೆ. ಬಿಪಿ ಚೆನ್ನಾಗಿದೆ, ಹೆದರಬೇಡಪ್ಪ. ಈ ಖಾಲಿ ಸಿರಿಂಜಿನ ತುದಿ ಬಾಯಲ್ಲಿಟ್ಟು ಹದಿನೈದು ಸೆಕೆಂಡು ಊದು. ಒಳಗಿನ ದಂಡ ಸ್ವಲ್ಪ ಅಲುಗಾಡಿದರೆ ಸಾಕು."

ಹನ್ನೆರಡು ವರ್ಷ ಟ್ರಂಪೆಟ್ ಊದಿದ ಶ್ವಾಸಕೋಶ. ದಂಡ ಹಾರಿ, ಗೋಡೆಗೆ ಬಡಿದು, ಡಾಕ್ಟರ ಚಹಾದ ಲೋಟಕ್ಕೆ ಬಿತ್ತು.

"ಇನ್ನೊಂದು ಸಿರಿಂಜು ಕೊಡಮ್ಮ," ಎಂದರು ಡಾಕ್ಟರ್ ಶಾಂತವಾಗಿ. "ಮೆಲ್ಲಗೆ ಊದು ಮಾರಾಯ."

ಈ ಸಲ ಸರಿಯಾಗಿ ಊದಿದ. ಕೂಡಲೇ ಅವನನ್ನು ಅಂಗಾತ ಮಲಗಿಸಿದರು. ರಕ್ತ ಎದೆಯತ್ತ ಇಳಿಯಲೆಂದು ಶಾಂತಲಾ ಅವನ ಎರಡೂ ಕಾಲೆತ್ತಿ ಹಿಡಿದಳು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು.

"ನೋಡಬ್ಯಾಡ್ರಿ," ಎಂದ ಅವನು ನಾಚಿ.

"ನಾನು ಸ್ಕ್ರೀನ್ ನೋಡ್ತಿದೀನಿ."

ಸ್ಕ್ರೀನಿನಲ್ಲಿ ಓಟ ಥಟ್ಟನೆ ನಿಂತಿತು. ಒಂದು ಗಳಿಗೆ ಬರೀ ಸಪಾಟು ಗೆರೆ. ಇಂಥದ್ದನ್ನು ಎಷ್ಟೋ ಸಲ ಕಂಡವಳು, ಮುಂದೆ ಬಡಿತ ಬಂದೇ ಬರುತ್ತದೆಂದು ಗೊತ್ತಿದ್ದವಳು, ಆದರೂ ಆ ಕಾಲುಗಳನ್ನು ಬಿಗಿಯಾಗಿ ಅವುಚಿಕೊಂಡಳು. ಬಾ, ಬಾ ಎಂದು ತುಟಿ ಅಲುಗಿತು. ಪಿ ಉಬ್ಬು ಮೂಡಿತು. ಹಿಂದೆಯೇ ಗೋಪುರ.

"ಕಾಲು ಬಿಡಬಹುದು ಶಾಂತಲಾ," ಎಂದರು ಡಾಕ್ಟರ್. "ನಿಮಿಷವಾಯಿತು."

ಅವರು ಹೊರಹೋದ ಮೇಲೆ ಅವಳು ತಲೆ ತಗ್ಗಿಸಿದಳು. "ತಪ್ಪಾತ್ರಿ. ನಿಮ್ಮನ್ನ ನಂಬಲಿಲ್ಲ."

"ಇವತ್ತು ನಂಬಿದ್ರಲ್ಲ, ಅದೂ ಮದುವೆ ಊಟ ಬಿಟ್ಟು," ಎಂದ ಅವನು.

ಹನುಮೇಶ್ ಡಾಕ್ಟರ ಚೀಟಿ ಹಿಡಿದು ಬೆಂಗಳೂರಿಗೆ ಹೋಗಿ, ತೊಡೆಯ ರಕ್ತನಾಳದಿಂದ ತಂತಿ ಹಾಯಿಸಿ ಆ ಅಡ್ಡದಾರಿಯನ್ನು ಸುಡಿಸಿಕೊಂಡು ಬಂದ. ತಿಂಗಳ ಮೇಲೆ ತಪಾಸಣೆಗೆ ಬಂದಾಗ ಇಸ್ತ್ರಿ ಅಂಗಿ, ಹೊಸ ಕಾಲುಚೀಲ. ಮಲಗಿಸಿ ನೋಡಿದರೆ ನೂರಾ ಹನ್ನೆರಡು!

ಶಾಂತಲಾ ಕಾಗದ ಎಳೆದುಕೊಂಡಳು. ಗೆರೆಗೆ ಮೂಗು ತಾಗುವಂತೆ ಬಗ್ಗಿದಳು. ಪ್ರತಿ ಗೋಪುರದ ಮುಂದೆಯೂ ಪಿ ಇತ್ತು. "ಹಳೇದಲ್ಲ ಬಿಡ್ರಿ. ಓಡ್ಕೊಂಡು ಬಂದ್ರಾ?"

"ಇಲ್ಲ."

"ಜ್ವರ? ಕಾಫಿ ಜಾಸ್ತಿ ಆತಾ?"

"ಬೆಳಗ್ಗಿಂದ ನೀರೂ ಇಳಿದಿಲ್ರಿ."

"ಯಾಕ?"

"ಭಾನುವಾರ ನಮ್ಮವ್ವನ್ನ ಕರ್ಕೊಂಡು ನಿಮ್ಮನೆಗೆ ಬಂದು, ನಿಮ್ಮನ್ನ ಕೇಳ್ಬೇಕು ಅಂತ ಐತ್ರಿ. ನೀವು ಬ್ಯಾಡ ಅಂದ್ರೆ ಬರಲ್ಲ." ಸ್ಕ್ರೀನಿನ ಅಂಕಿ ನೂರಾ ಇಪ್ಪತ್ತಾರಕ್ಕೆ ಏರಿತು. ಮುಚ್ಚಿಡಲು ಅವನ ಬಳಿ ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಡಾಕ್ಟರ್ ಬಂದು ಕಾಗದ ಎತ್ತಿದರು. "ಸೈನಸ್ ಟ್ಯಾಕಿಕಾರ್ಡಿಯಾ. ಕರೆಂಟಿನ ದಾರಿ ಸರಿಯಿದೆ, ಬಡಿತ ಮಾತ್ರ ಜೋರು. ಇದಕ್ಕೆ ಮಾತ್ರೆ ಬೇಡ, ಕಾರಣ ಹುಡುಕಿ ಸರಿಮಾಡಬೇಕು. ಕಾರಣ ಸಿಕ್ಕಿತಾ ಶಾಂತಲಾ?"

"ಸಿಕ್ತು ಸರ್."

"ಏನು?"

"ನಾನು ಸರ್."

ಡಾಕ್ಟರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಇಬ್ಬರನ್ನೂ ನೋಡಿದರು, ಬಾಗಿಲೆಳೆದುಕೊಂಡು ಹೋದರು.

"ಅವ್ವನ್ನ ಕರ್ಕೊಂಡು ಬರಬ್ಯಾಡ್ರಿ," ಎಂದಳು ಶಾಂತಲಾ. ಅವನ ಮುಖ ಬಾಡಿತು. "ವಯಸ್ಸಾದೋರಿಗೆ ಬಸ್ಸಿನಾಗೆ ಯಾಕ ತ್ರಾಸು? ಭಾನುವಾರ ನಾನೇ ನಮ್ಮವ್ವನ ಜೊತೆ ಹರಿಹರಕ್ಕೆ ಬರ್ತೀನಿ. ನೀವು ಊದೋದನ್ನ ನಾನಿನ್ನೂ ಕೇಳೇ ಇಲ್ಲ."

ಅಂಕಿ ನೂರಾ ಮೂವತ್ತೊಂದಕ್ಕೆ ಹೋಯಿತು. ವೈರು ಬಿಚ್ಚಲು ಅವಳಿಗೇನೂ ಆತುರವಿರಲಿಲ್ಲ.