ಬಿಳಿ ಬಳಿದ ಬೀಸುಕಲ್ಲು

“ಮೇಲಿರೋ ಬೀಸುಕಲ್ಲನ್ನ ನೋಡಿ, ಆದ್ರೆ ಮುಟ್ಟಬೇಡಿ. ಹೊಟ್ಟೆಕಿಚ್ಚು ಇಟ್ಕೊಂಡಂತೂ ಕೈ ಇಡಲೇಬೇಡಿ ಅಮ್ಮಾ,” ಎಂದು ಗುಡ್ಡದ ಮೇಲಿನ ವೀಕ್ಷಣಾಲಯದ ಕಾವಲುಗಾರ ಪಿಸುಗುಟ್ಟಿದ. ಅವನಿಗೆ ದನಿಯೇ ಇರಲಿಲ್ಲ. ಮಾತೆಲ್ಲ ಬರೀ ಉಸಿರು.

“ಯಾಕೆ, ಹಿಟ್ಟಿನ ದೆವ್ವ ಇದೆಯಾ?” ಅಕ್ಕ ನಕ್ಕಳು.

“ಹಿಂದೆ ಇದು ಗಾಳಿಗಿರಣಿ. ಗಿರಣಿಯವನು ತಮ್ಮನ ಮೇಲಿನ ಉರಿಗೆ ಕಲ್ಲಿಗೇ ಮಾಟ ಮಾಡಿಸಿದ. ಗಿರಣಿ ನಿಂತು ನೂರು ವರ್ಷ ಆಯ್ತು. ಕಲ್ಲು ಮಾತ್ರ ಬೀಸೋದು ಬಿಟ್ಟಿಲ್ಲ.”

“ಅಜ್ಜಿಕತೆ!” ಹೇಳಿದ್ದನ್ನು ಕೇಳುವ ಜಾಯಮಾನ ಅವಳದಲ್ಲ. ಒಬ್ಬಳೇ ಮೆಟ್ಟಿಲು ಹತ್ತಿದಳು. ಜೊತೆಗೆ ಬಂದಿದ್ದ ಗಾಯಕಿ ತಂಗಿಯನ್ನು ಅಂಗಳದಲ್ಲಿ ಜನ ಗುರುತು ಹಿಡಿದು, ಒಂದು ಹಾಡು ಹೇಳಿ ಎಂದು ದುಂಬಾಲು ಬಿದ್ದಿದ್ದರು.

ಮೇಲಿನ ಕೋಣೆಯಲ್ಲಿ ಹಗಲಲ್ಲೂ ಕಗ್ಗತ್ತಲೆ, ಮುಗ್ಗಿದ ಹಿಟ್ಟಿನ ವಾಸನೆ. ಕೋಣೆಯೊಳಗಿನ ಹಿಡಿಯಿಂದ ತಿರುಗಿಸುವ, ಗೋಪುರದ ತುದಿಯ ಕನ್ನಡಿ ಅಂಗಳದ ಬಿಂಬವನ್ನು ಬಿಳಿ ಬಳಿದ ಬೀಸುಕಲ್ಲಿನ ಮೇಲೆ ಚೆಲ್ಲಿತ್ತು. ಬೆರಳುದ್ದದ ಜನ ಸದ್ದಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದರು. ನಡುವೆ ತಂಗಿ ಹಾಡುತ್ತಿದ್ದಳು.

ಆ ಸ್ವರಗಳನ್ನು ಕಲಿಸಿದವಳು ತಾನು. ಈಗ ತಾನು ಬರೀ ‘ಗಾಯಕಿಯ ಅಕ್ಕ’. ಹತ್ತಿದ ಏಣಿಯನ್ನು ಯಾರು ನೆನೆಯುತ್ತಾರೆ? ಅವಳ ಹೊಟ್ಟೆ ಧಗಧಗ ಉರಿಯಿತು. ಬಿಂಬದ ಪುಟ್ಟ ಕತ್ತಿನ ಮೇಲೆ ಉಗುರಿಟ್ಟಳು. ಒತ್ತಿದಳು. ಕಲ್ಲು ಗರ್ರ್ ಎಂದಿತು. ಇನ್ನೂ ಒತ್ತಿದಳು.

ಚಪ್ಪಾಳೆ ನಿಂತಿತು.

ಅವಳು ಕೆಳಗೆ ಓಡಿಬಂದಾಗ ತಂಗಿ ಕೆಮ್ಮುತ್ತಿದ್ದಳು. ಅಂಗೈ ತುಂಬ ಹಿಟ್ಟು. ಬಾಯಿ ತೆರೆದರೆ ಬರೀ ಉಸಿರು.

“ಏನಾಯ್ತೇ?” ಎಂದು ಅಕ್ಕ ಬೆನ್ನು ಸವರಿದಳು. ತಂಗಿ ಆ ಕೈ ಹಿಡಿದಳು. ಉಗುರಿನ ಸಂದಿಯಲ್ಲೂ ಹಿಟ್ಟು. ಅದನ್ನು ನೋಡಿದಳು, ಗೋಪುರದ ಕನ್ನಡಿಯನ್ನು ನೋಡಿದಳು. ಕೈ ಬಿಟ್ಟು ಮೆಟ್ಟಿಲಿನತ್ತ ನಡೆದಳು.

“ಮೇಲೆ ಹೋಗಬೇಡ ಕಣೇ!”

ಯಾಕೆ ಎಂದು ತಂಗಿಯ ತುಟಿ ಕೇಳಿತು. ಉತ್ತರ ಕೊಡಬೇಕಾದರೆ ತಪ್ಪೊಪ್ಪಿಕೊಳ್ಳಬೇಕಿತ್ತು. ಅಕ್ಕ ಉಗುರನ್ನು ಸೆರಗಿಗೆ ಒರೆಸಿಕೊಂಡಳು. ತಂಗಿ ಒಂದು ಗಳಿಗೆ ಕಾದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಕ ಗೇಟಿನತ್ತ ಓಡಿದಳು. ಕನ್ನಡಿ ಕಿರುಗುಟ್ಟಿ ತಿರುಗಿತು. ಎಡಕ್ಕೆ ಓಡಿದಳು. ಕನ್ನಡಿಯೂ ಎಡಕ್ಕೆ. ಮುಗ್ಗಿದ ವಾಸನೆ. ಗರ್ರ್. ಎರಡೂ ಕೈಯಿಂದ ಕತ್ತು ಮುಚ್ಚಿದಳು. ತಪ್ಪಾಯ್ತು ಎಂದು ಕೂಗಲು ಬಾಯಿ ತೆರೆದಳು. ಹಿಟ್ಟು ಉದುರಿತು.

ಕಾವಲುಗಾರ ನೀರು ತಂದುಕೊಟ್ಟ.

“ನನ್ನ ತಮ್ಮನೂ ಹೀಗೇ ಮೇಲೆ ಹೋದ,” ಎಂದು ಪಿಸುಗುಟ್ಟಿದ. “ನಾನೂ ಆವತ್ತು ಬಾಯಿ ಬಿಡಲಿಲ್ಲ.”