ಗೂಬೆ ಕಲಿಸಿದ ಮಾತು

ಲಿಫ್ಟಿನ ಬಾಗಿಲು ತೆರೆದಾಗ ಅವಳ ಮುಖ ಬೆವರಿನಿಂದ ತೊಯ್ದಿತ್ತು. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವಳನ್ನು ಕೈಹಿಡಿದು ಹೊರಗೆಳೆದವನು ಮೂರನೇ ಮಹಡಿಯ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ, ಹೊರನಾಡಿನ ಲಿಫ್ಟ್ ಮೆಕ್ಯಾನಿಕ್. ಆ ಕೈ ಎಷ್ಟು ಬೆಚ್ಚಗಿತ್ತು... ಬಿಡಿಸಿಕೊಳ್ಳುವುದೇ ಅವಳಿಗೆ ಮರೆತುಹೋಯಿತು.

ಅಷ್ಟರಲ್ಲಿ ಅವನು ಅರೆಬರೆ ಕನ್ನಡದಲ್ಲಿ, ನೆರೆದವರೆಲ್ಲರ ಮುಂದೆ ಅಂದ: "ಹೆದರಬೇಡಿ. ನೀವು ನಮ್ಮ ಗೂಬೆ."

ಬಾಗಿಲಿಗೊಂದು ಭಾಷೆಯಿದ್ದ ಆ ಕಟ್ಟಡದಲ್ಲಿ ಬೈಗುಳ ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. ನಗು ಮೆಟ್ಟಿಲಿಳಿದು ಬೀದಿಗೆ ಹೋಯಿತು. ನೆಲಮಹಡಿಯಲ್ಲಿ ಹೊಲಿಗೆಯಂಗಡಿ ಇಟ್ಟಿದ್ದ ಅವಳು ಮರುದಿನದಿಂದ ಎಲ್ಲರ ಬಾಯಲ್ಲೂ ಗೂಬೆ ಟೈಲರ್. ಮದುವೆಯ ಉಡುಪು ಹೊಲಿಯಲು ಕೊಟ್ಟಿದ್ದವರು ಅಪಶಕುನವೆಂದು ಬಟ್ಟೆ ವಾಪಸು ಒಯ್ದರು.

ಖಾಲಿ ಮೇಜಿನ ಮುಂದೆ ಅವಳು ಹಲ್ಲು ಕಚ್ಚಿ ಕುಳಿತಳು. ನನ್ನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ... ಇರು, ನಿನ್ನ ಸೂರು ಕಳೆಯದಿದ್ದರೆ ಕೇಳು.

ದೇವರೆದುರು ಕೈಮುಗಿದರೂ ಅದೇ ಬೇಡಿಕೆ. ಸೇಡೆಂಬುದು ಸೆರಗಿನಲ್ಲಿ ಕಟ್ಟಿಕೊಂಡ ಕೆಂಡ. ಮೊದಲು ಸುಡುವುದು ಆ ಸೆರಗನ್ನೇ. ಅವಳಿಗೆ ಆಗ ಅದೆಲ್ಲಿ ತಿಳಿಯಬೇಕು?

ಅವಕಾಶ ತಾನಾಗಿ ಬಂತು. ಆಸ್ಪತ್ರೆಯಿಂದ ಮರಳಿದ ಕಟ್ಟಡದ ಒಡತಿ, ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಮುದುಕಿ, ಅವನು ಬಾಡಿಗೆ ಕೋಣೆಯಲ್ಲಿ ಮುಂದುವರಿಯಲು ಒಪ್ಪಿದ್ದರು. ಅವರಿಗೆ ಕೃತಜ್ಞತೆ ಹೇಳಲು ಒಳ್ಳೆಯ ಕನ್ನಡ ಮಾತು ಬೇಕೆಂದು ಅವನು ಅವಳ ಹತ್ತಿರವೇ ಬಂದ.

ಸೂಜಿಗೆ ದಾರ ಪೋಣಿಸುತ್ತ ಅವಳು ತಣ್ಣಗೆ ಹೇಳಿಕೊಟ್ಟಳು: "'ನಿಮ್ಮ ನನ್ನ ಋಣ ತೀರಿತು' ಅನ್ನಿ. ಅದಕ್ಕಿಂತ ದೊಡ್ಡ ಧನ್ಯವಾದ ಇಲ್ಲ."

ಸಂಜೆ ಮೆಟ್ಟಿಲ ಬಳಿ ಅವನು ದೊಡ್ಡಮ್ಮನಿಗೆ ಬಾಗಿ ನಮಿಸಿ, ಒಂದಕ್ಷರ ತಪ್ಪದೆ ಅದನ್ನೇ ಹೇಳಿದ. ಸಾವಿನ ಬಾಗಿಲು ತಟ್ಟಿ ಬಂದಿದ್ದ ಮುದುಕಿಯ ಮುಖ ಕಪ್ಪಿಟ್ಟಿತು. ಋಣ ತೀರಿದ್ದರೆ ನಾಳೆಯೇ ಗಂಟುಮೂಟೆ ಕಟ್ಟು ಎಂದರು. ಈ ಮಾತು ಕಲಿಸಿದ್ದು ಯಾರೆಂದು ಗದರಿದರು.

ಅವನು ತಿರುಗಿ, ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅವಳನ್ನು ನೋಡಿದ. ಅವಳ ತಲೆ ತಗ್ಗಿತು. ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿದುಹೋಯಿತು.

"ಯಾರೂ ಇಲ್ಲ ಅಮ್ಮ. ನಾನೇ ಕಲಿತೆ."

ಗೆದ್ದೆ... ಆದರೆ ಎದೆಯೊಳಗೆ ಸೂಜಿ ಮುರಿದಂತಾಯಿತಲ್ಲ?

ಅವನ ಹಿಂದೆಯೇ ಅವಳು ಮೆಟ್ಟಿಲು ಹತ್ತಿದಳು. ಅವನು ಪೆಟ್ಟಿಗೆಗೆ ಅಂಗಿ ತುಂಬುತ್ತಿದ್ದ.

"ನನ್ನ ಹೆಸರು ಯಾಕೆ ಹೇಳಲಿಲ್ಲ? ಗೂಬೆ ಅಂತ ಕರೆದು ನನ್ನ ಹೊಟ್ಟೆ ಮೇಲೆ ಹೊಡೆದವರು ನೀವೇ ಅಲ್ವಾ?"

ಅವನು ಬೆರಗಾಗಿ, ಪದಗಳನ್ನು ಹುಡುಕಿ ಜೋಡಿಸುತ್ತ ಅಂದ: "ಗೂಬೆ ಕೆಟ್ಟದಾ? ಎಲ್ಲರೂ ಮಲಗಿದ ಮೇಲೆ ಎಚ್ಚರ ಇದ್ದು ಮನೆ ಕಾಯೋದು ಗೂಬೆ ಅಂತ ನಮ್ಮಜ್ಜಿ ಹೇಳ್ತಿದ್ರು. ನಾನು ಕೆಲಸ ಮುಗಿಸಿ ಬರುವಾಗ ಈ ಬೀದೀಲಿ ನಿಮ್ಮ ಅಂಗಡಿ ದೀಪ ಒಂದೇ ಇರ್ತಿತ್ತು. ಅದನ್ನ ನೋಡಿದ್ರೆ... ಮನೆಗೆ ಬಂದೆ ಅನ್ನಿಸ್ತಿತ್ತು."

ಅವಳು ನೇರ ಕೆಳಗಿಳಿದು, ಎಲ್ಲರ ಬಾಗಿಲೂ ತೆರೆದಿರುವಾಗಲೇ, ಆ ಮಾತು ಕಲಿಸಿದವಳು ತಾನೆಂದು ಒಪ್ಪಿಕೊಂಡು ದೊಡ್ಡಮ್ಮನ ಕಾಲು ಹಿಡಿದಳು. ದೊಡ್ಡಮ್ಮ ಅವಳನ್ನೂ, ಹಿಂದೆ ಓಡಿಬಂದ ಅವನನ್ನೂ ನೋಡಿ, ಗೂಬೆಗೆ ತಕ್ಕ ಮಂಗ, ಹೋಗಿ ಪೆಟ್ಟಿಗೆ ಬಿಚ್ಚಿಕೊಳ್ಳಲಿ ಎಂದು ಗೊಣಗುತ್ತ ಒಳಗೆ ನಡೆದರು.

"ಋಣ ಅಂದ್ರೆ ಏನು?" ಅವನು ಮೆಲ್ಲಗೆ ಕೇಳಿದ.

"ಒಬ್ಬರನ್ನ ಒಬ್ಬರಿಗೆ ಹೊಲಿದಿರೋ ದಾರ. ತೀರಿತು ಅಂದ್ರೆ ಬಿಚ್ಚಿಹೋಯ್ತು ಅಂತ."

"ಹಾಗಾದ್ರೆ ನಮ್ಮದು ತೀರೋದು ಬೇಡ... ಗೂಬೆ."

ಅವಳು ಕಣ್ಣೊರೆಸಿಕೊಂಡಳು. "ಮನೇಲಿ ಮಾತ್ರ ಹಾಗೆ ಕರೀಬೇಕು. ಬೀದೀಲಿ ಕರೆದ್ರೆ ಬಾಯಿ ಹೊಲಿದುಬಿಡ್ತೀನಿ."